ಇಂಗ್ಲೆಂಡಿನ ಪುಟ್ಟ ಊರಿನ ಯುದ್ಧ ಸ್ಮಾರಕದಲ್ಲಿ ನಮ್ಮ ಮುತ್ತಜ್ಜನ ಹೆಸರು ಸಿಗುತ್ತಾ?

ಪ್ರಶ್ನೆ: ಸರ್, ನಮ್ಮ ಮಗ ಸೌತಾಂಪ್ಟನ್‌ನಲ್ಲಿ ಕೆಲಸದಲ್ಲಿದ್ದಾನೆ. ನವೆಂಬರಿನಲ್ಲಿ ನಾನು, ನಮ್ಮ ಯಜಮಾನರು, 78 ವರ್ಷದ ನಮ್ಮತ್ತೆ ಮೂವರೂ ಅಲ್ಲಿಗೆ ಹೋಗುತ್ತಿದ್ದೇವೆ. ಅತ್ತೆಯ ತಾತ ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿದ್ದವರು. ಮೊದಲ ಮಹಾಯುದ್ಧಕ್ಕೆ ಹೋಗಿ, ಗಾಯವಾಗಿ, ವಿಲಾಯತಿಯ ಅರಮನೆಯಲ್ಲಿ ಚಿಕಿತ್ಸೆ ಕೊಟ್ಟರೂ ಉಳಿಯಲಿಲ್ಲ ಅಂತ ಮನೆಯಲ್ಲಿ ಮೊದಲಿಂದ ಹೇಳುತ್ತಾರೆ. ಮನೆಯಲ್ಲಿ ಒಂದು ಪದಕ ಬಿಟ್ಟರೆ ಬೇರೆ ಏನೂ ಇಲ್ಲ. ಹತ್ತಿರದ ಬ್ರಾಕೆನ್‌ಹರ್ಸ್ಟ್ ಅನ್ನೋ ಊರಲ್ಲಿ ಭಾರತೀಯರ ಸಮಾಧಿ ಇದೆ, ಅಲ್ಲೇ ಹತ್ತಿರ ಒಂದು ಸ್ಮಾರಕವೂ ಇದೆ ಅಂತ ಮಗ ಹುಡುಕಿದ್ದಾನೆ. ಅಲ್ಲಿ ತಾತನ ಹೆಸರು ಇರಬಹುದಾ? ಅದು ಚರ್ಚಿನ ಅಂಗಳವಂತೆ, ನಾವು ಹೋಗಬಹುದಾ, ಯಾರ ಅನುಮತಿಯಾದರೂ ಬೇಕಾ? ಅರಿಶಿನ ಕುಂಕುಮ ಇಟ್ಟು ಒಂದು ದೀಪ ಹಚ್ಚಬೇಕು ಅನ್ನೋದು ಅತ್ತೆಯ ಆಸೆ, ಊರಿನ ಮಣ್ಣು ಕೂಡ ಒಯ್ಯೋಣ ಅನ್ನುತ್ತಾರೆ. ಸ್ಮಾರಕದಲ್ಲಿ ಹೆಸರು ಸಿಕ್ಕಿ ಅದರ ಫೋಟೋ ತಂದರೆ ಬ್ರಿಟಿಷ್ ಸರ್ಕಾರದಿಂದ ಪರಿಹಾರ ಸಿಗುತ್ತದೆ ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದಾರೆ. ನಿಜವಾ?

ಉತ್ತರ:

ಅಮ್ಮಾ, ನೀವು ಕೇಳಿದ್ದು ನಾಲ್ಕೈದು ಪ್ರಶ್ನೆ. ಆದರೆ ಪತ್ರ ಓದಿದರೆ ನಿಮ್ಮ ನಿಜವಾದ ಚಿಂತೆ ಬೇರೆಯೇ ಇದೆ ಅನಿಸುತ್ತದೆ. ಈ ವಯಸ್ಸಿನಲ್ಲಿ ಅತ್ತೆಯವರನ್ನು ಅಷ್ಟು ದೂರ ಕರೆದುಕೊಂಡು ಹೋಗಿ, ಕಲ್ಲಿನ ಮುಂದೆ ನಿಲ್ಲಿಸಿ, ಅಲ್ಲಿ ಹೆಸರೇ ಇಲ್ಲ ಅಂದರೆ ಅವರಿಗೆ ಏನು ಹೇಳೋದು ಅನ್ನೋದು. ಅದಕ್ಕೇ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಬ್ರಾಕೆನ್‌ಹರ್ಸ್ಟಿನಲ್ಲಿ ಅವರ ತಾತನ ಹೆಸರು ಸಿಗುವ ಸಾಧ್ಯತೆ ತೀರಾ ಕಡಿಮೆ. ಇದನ್ನು ಅತ್ತೆಯವರಿಗೆ ವಿಮಾನ ಹತ್ತುವ ಮೊದಲೇ ಹೇಳಿ, ಅಲ್ಲಿಗೆ ಹೋದ ಮೇಲೆ ಬೇಡ. ಹೀಗೆ ತಾತಂದಿರನ್ನು ಹುಡುಕುವ ಕುಟುಂಬಗಳ ಜೊತೆ ಕೆಲಸ ಮಾಡುವುದೇ ನನ್ನ ಕಸುಬು. ಹೆಸರು ಇಲ್ಲ ಅಂತ ಮೊದಲೇ ಗೊತ್ತಿದ್ದು ಹೋದವರು ಆ ಜಾಗವನ್ನು ಕಣ್ತುಂಬ ನೋಡಿ ಬರುತ್ತಾರೆ. ಗೊತ್ತಿಲ್ಲದೆ ಹೋದವರು ಕಲ್ಲಿಂದ ಕಲ್ಲಿಗೆ ಹುಡುಕಿ ಸುಸ್ತಾಗಿ ಬರುತ್ತಾರೆ.

ಯಾಕೆ ಸಿಗೋದಿಲ್ಲ ಅಂತ ಹೇಳುತ್ತೇನೆ. ಮೈಸೂರು ಮಹಾರಾಜರ ಕುದುರೆ ಪಡೆ ಅಂದರೆ ಮೈಸೂರು ಲ್ಯಾನ್ಸರ್ಸ್. 1914ರ ಕೊನೆಯಲ್ಲಿ ಅವರನ್ನು ಕಳಿಸಿದ್ದು ಈಜಿಪ್ಟಿಗೆ. ಹೈದರಾಬಾದಿನ ಸವಾರರ ಜೊತೆ ಒಂದೇ ಬ್ರಿಗೇಡಿನಲ್ಲಿ ಇದ್ದರು, 1918ರಲ್ಲಿ ಜೋಧಪುರದವರೂ ಸೇರಿದರು. ಮೊದಲು ಸೂಯೆಜ್ ಕಾಲುವೆ ಕಾಯೋ ಕೆಲಸ, ಆಮೇಲೆ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದದ್ದು ಈ ಮೈಸೂರು ಮತ್ತು ಜೋಧಪುರದ ಸವಾರರೇ. ಅದಾಗಿ ಒಂದು ತಿಂಗಳಿಗೆ, ಅಕ್ಟೋಬರ್ 26ರಂದು, ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲಿ ಇನ್ನೊಂದು ಕಾಳಗ. ಅಲ್ಲಿ ಗಾಯಗೊಂಡವರು ಹೋಗುತ್ತಿದ್ದದ್ದು ಆ ಕಡೆಯ ಆಸ್ಪತ್ರೆಗಳಿಗೆ, ಈಜಿಪ್ಟಿಗೆ, ಅಲ್ಲಿಂದ ವಾಪಸ್ ಮನೆ ಕಡೆಗೆ. ಇಂಗ್ಲೆಂಡಿಗಲ್ಲ.

ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿದ್ದ ಭಾರತೀಯರು ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಹೋರಾಡಿದವರು. ಲಾಹೋರ್ ಡಿವಿಷನ್, ಮೀರತ್ ಡಿವಿಷನ್ ಅಂತ ಎರಡು ದೊಡ್ಡ ಪಡೆಗಳು 1914ರ ಸೆಪ್ಟೆಂಬರ್ ಕೊನೆಯಿಂದ ಮಾರ್ಸೇ ಬಂದರಿನಲ್ಲಿ ಇಳಿದವು. ಅವುಗಳ ಗಾಯಾಳುಗಳು ಹಡಗಿನಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಸೌತಾಂಪ್ಟನ್‌ಗೆ, ಅಂದರೆ ನಿಮ್ಮ ಮಗ ಈಗ ಇರುವ ಊರಿಗೇ ಬರುತ್ತಿದ್ದರು. ಅಲ್ಲಿಂದ ಬ್ರೈಟನ್, ಬ್ರಾಕೆನ್‌ಹರ್ಸ್ಟ್, ಬಾರ್ಟನ್, ನೆಟ್ಲಿ ಅಂತ ಸುತ್ತಲ ಊರುಗಳಿಗೆ ಹಂಚುತ್ತಿದ್ದರು. 1915ರ ಕೊನೆಗೆ ಪದಾತಿ ಡಿವಿಷನ್‌ಗಳನ್ನು ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಕಳಿಸಿದರು, ಇಂಗ್ಲೆಂಡಿನ ಆ ಆಸ್ಪತ್ರೆಗಳೂ ಅದರ ಹಿಂದೆಯೇ ಮುಚ್ಚಿದವು.

ಹಾಗಾದರೆ ನಿಮ್ಮ ಮನೆಯ ಅರಮನೆ ಕಥೆ ಎಲ್ಲಿಂದ ಬಂತು? ಅದು ಸುಳ್ಳು ಅಂತ ತಳ್ಳಿಹಾಕಬೇಡಿ. ಅರಮನೆ ನಿಜವಾಗಿಯೂ ಇತ್ತು. ಬ್ರೈಟನ್‌ನ ರಾಯಲ್ ಪೆವಿಲಿಯನ್ ಅನ್ನೋ ಗುಮ್ಮಟಗಳ ಅರಮನೆಯನ್ನು 1914ರ ಡಿಸೆಂಬರಿನಿಂದ 1916ರ ಆರಂಭದ ತನಕ ಭಾರತೀಯ ಸೈನಿಕರ ಆಸ್ಪತ್ರೆ ಮಾಡಿದ್ದರು. ಜಾತಿ, ಧರ್ಮಕ್ಕೆ ತಕ್ಕಂತೆ ಒಂಬತ್ತು ಅಡುಗೆಮನೆ, ಹಿಂದೂ ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ. ಇದನ್ನೆಲ್ಲ ಫೋಟೋ ತೆಗೆಸಿ, ಉರ್ದು, ಗುರುಮುಖಿ, ಇಂಗ್ಲಿಷಿನಲ್ಲಿ ಪುಸ್ತಿಕೆ ಮಾಡಿ ಹಂಚಿದರು. ನಿಮ್ಮ ಮಕ್ಕಳನ್ನು ನಾವು ರಾಜರ ಮನೆಯಲ್ಲಿಟ್ಟು ನೋಡಿಕೊಳ್ಳುತ್ತಿದ್ದೇವೆ ಅಂತ ಭಾರತದ ಜನಕ್ಕೆ ತಲುಪಬೇಕಿತ್ತು, ಇನ್ನಷ್ಟು ಜನ ಸೈನ್ಯ ಸೇರಬೇಕಿತ್ತು. ಆ ಚಿತ್ರ ಎಷ್ಟು ಬಲವಾಗಿ ಹರಡಿತು ಅಂದರೆ ಯುದ್ಧಕ್ಕೆ ಹೋಗಿ ಮರಳದ ಯಾರ ಬಗ್ಗೆ ಕೇಳಿದರೂ ಮನೆಯವರು ಅರಮನೆಯ ಮಾತು ಹೇಳುತ್ತಾರೆ. ಮರುಭೂಮಿಯಲ್ಲಿ ಜ್ವರ ಬಂದು ಸತ್ತ ಅನ್ನೋದಕ್ಕಿಂತ ಅದು ಹೆಂಡತಿ ಮಕ್ಕಳಿಗೆ ಎಷ್ಟೋ ಸಮಾಧಾನದ ಮಾತು ಅಲ್ವಾ. ಆದರೆ ಅದೇ ಆಸ್ಪತ್ರೆಗಳಿಂದ ಹೋದ ಕಾಗದಗಳನ್ನು ಸೆನ್ಸಾರಿನವರು ತೆರೆದು ಓದುತ್ತಿದ್ದರು. ಗಾಯ ಮಾಗಿದವರನ್ನು ಮತ್ತೆ ಕಂದಕಕ್ಕೇ ಕಳಿಸುತ್ತಾರೆ ಅನ್ನೋ ಸಂಕಟ ಆ ಕಾಗದಗಳ ತುಂಬ ಇದೆ. ಅತ್ತೆಯವರಿಗೆ ಅರಮನೆಯ ಕಥೆ ಹೇಳುವಾಗ ಇದನ್ನೂ ಸೇರಿಸಿ ಹೇಳಿ.

ಈಗ ಪದಕಕ್ಕೆ ಬರೋಣ, ಯಾಕೆಂದರೆ ಉತ್ತರ ಇರೋದು ಅಲ್ಲೇ. ಸ್ಮಾರಕ ನೋಡೋಕೆ ಮೊದಲು ಪದಕ ನೋಡಿ. ಮುಖ ಅಲ್ಲ, ಅಂಚು. ಹಳೇ ರೂಪಾಯಿಯ ಅಂಚಿನಲ್ಲಿ ಗೆರೆ ಇರುತ್ತದಲ್ಲ, ಆ ಜಾಗದಲ್ಲಿ ಪದಕಕ್ಕೆ ಸಣ್ಣ ಇಂಗ್ಲಿಷ್ ಅಕ್ಷರಗಳು ಒತ್ತಿರುತ್ತವೆ. ಮೊದಲು ಒಂದು ಸಂಖ್ಯೆ, ಆಮೇಲೆ ದರ್ಜೆ, ಹೆಸರು, ಕೊನೆಗೆ ಪಡೆಯ ಹೆಸರು ಮೊಟಕಾಗಿ. ಬೆಳಿಗ್ಗೆ ಹೊತ್ತು ಕಿಟಕಿ ಹತ್ತಿರ ಹಿಡಿದು, ಬೆಳಕು ಓರೆಯಾಗಿ ಬೀಳುವ ಹಾಗೆ ನಿಧಾನಕ್ಕೆ ತಿರುಗಿಸಿ. ಮೊಬೈಲಿನಲ್ಲಿ ಹತ್ತಿರದಿಂದ ತುಂಡು ತುಂಡಾಗಿ ಫೋಟೋ ತೆಗೆಯಿರಿ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಬೂದಿಯೂ ಬೇಡ. ಹಬ್ಬಕ್ಕೊಮ್ಮೆ ದೇವರ ಪಾತ್ರೆ ಜೊತೆ ಪದಕವನ್ನೂ ಬೆಳಗಿ ಬೆಳಗಿ, ಅಂಚಿನ ಹೆಸರೇ ಸವೆದುಹೋದ ಮನೆಗಳನ್ನು ನೋಡಿದ್ದೇನೆ. ಆ ಒಂದು ಸಾಲು ಹೋದರೆ ಎಲ್ಲ ಹೋದ ಹಾಗೆ.

ಲೋಹವನ್ನೂ ಗಮನಿಸಿ. ಒಂದು ಕಡೆ ದೊರೆ ಐದನೇ ಜಾರ್ಜ್ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಕುಳಿತವನ ಚಿತ್ರ, 1914 ಮತ್ತು 1918 ಅಂತ ಇದ್ದರೆ ಅದು ಬ್ರಿಟಿಷ್ ವಾರ್ ಮೆಡಲ್. ಸೈನಿಕರಿಗೆ ಇದನ್ನು ಬೆಳ್ಳಿಯಲ್ಲಿ ಕೊಟ್ಟರು. ಅದೇ ಪದಕ ಕಂಚಿನಲ್ಲಿದ್ದರೆ ಅವರು ಪಡೆಯ ಜೊತೆ ಹೋದ ಕೆಲಸಗಾರರು ಇರಬಹುದು, ಕುದುರೆ ನೋಡಿಕೊಳ್ಳುವ ಸೈಸ್, ನೀರು ಹೊರುವವರು, ಅಡುಗೆಯವರು, ಕೂಲಿ ದಳದವರು. ಇದು ಮುಖ್ಯ. ಮನೆಯಲ್ಲಿ 'ಕುದುರೆ ಪಡೆ' ಅಂತ ಹೇಳಿದರೂ ತಾತ ಮೈಸೂರು ಲ್ಯಾನ್ಸರ್ಸ್‌ನವರೇ ಆಗಿರಬೇಕಂತಿಲ್ಲ. ಬೇರೆ ಯಾವುದೋ ಪಡೆಯ ಕುದುರೆಗಳ ಜೊತೆ ಫ್ರಾನ್ಸಿಗೇ ಹೋಗಿದ್ದರೆ, ಮೇಲೆ ನಾನು ಹೇಳಿದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ, ಇಂಗ್ಲೆಂಡಿನ ಕಥೆ ನಿಜವೂ ಆಗಬಹುದು. ಅದಕ್ಕೇ ಅಂಚು ಮೊದಲು, ಪ್ರಯಾಣ ಆಮೇಲೆ. ಇನ್ನೊಂದು ವಸ್ತು ಹಳೇ ಟ್ರಂಕಿನಲ್ಲಿ ಹುಡುಕಿ: ಅಂಗೈ ತುಂಬುವಷ್ಟು ದೊಡ್ಡ ದುಂಡು ಕಂಚಿನ ಬಿಲ್ಲೆ, ಮೇಲೆ ಸಿಂಹ ಮತ್ತು ಒಬ್ಬ ಹೆಂಗಸಿನ ಚಿತ್ರ. ತೀರಿಹೋದವರ ಮನೆಗೆ ಅದನ್ನು ಕೊಡುತ್ತಿದ್ದರು. ಅದು ಸಿಕ್ಕರೆ ತಾತ ಸೇವೆಯಲ್ಲಿದ್ದಾಗಲೇ ಸತ್ತರು ಅನ್ನೋದಕ್ಕೆ ಬಲವಾದ ಆಧಾರ. ಸಿಗದಿದ್ದರೆ ಏನನ್ನೂ ತೀರ್ಮಾನಿಸಬೇಡಿ.

ಸಂಖ್ಯೆ, ಹೆಸರು ಸಿಕ್ಕಿತು ಅಂದುಕೊಳ್ಳಿ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅನ್ನೋ ಸಂಸ್ಥೆ 1917ರಿಂದ ಈ ಕೆಲಸ ಮಾಡುತ್ತಿದೆ. ಸುಮಾರು 17 ಲಕ್ಷ ಜನರ ಹೆಸರು ಅವರ ಜಾಲತಾಣದಲ್ಲಿದೆ, ಹುಡುಕೋದಕ್ಕೆ ಒಂದು ಪೈಸೆ ಕೊಡಬೇಕಿಲ್ಲ. ನಮ್ಮ ಹೆಸರುಗಳನ್ನು ಇಂಗ್ಲಿಷರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದಾರೆ. ರಂಗಯ್ಯ ಅನ್ನೋದು ನಾಲ್ಕು ಥರ ಇರಬಹುದು, ಲಿಂಗಪ್ಪ ಇನ್ನೂ ಜಾಸ್ತಿ. ಹಾಗಾಗಿ ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿ, ಪಡೆಯ ಹೆಸರಿನಿಂದ ಜರಡಿ ಹಿಡಿಯಿರಿ. ಎಷ್ಟೋ ಭಾರತೀಯರ ನಮೂದಿನಲ್ಲಿ ತಂದೆಯ ಹೆಸರು, ಊರು, ಜಿಲ್ಲೆಯೂ ಇರುತ್ತದೆ. ಅದು ಸಿಕ್ಕರೆ ಅನುಮಾನವೇ ಇರೋದಿಲ್ಲ. ಲ್ಯಾನ್ಸರ್ಸ್‌ನವರಾದರೆ ಹೈಫಾ ಇಂಡಿಯನ್ ಸಿಮೆಟರಿ, ಈಜಿಪ್ಟಿನ ಹೆಲಿಯೊಪೊಲಿಸ್ ಸ್ಮಾರಕ ಇವೆರಡರ ಕಡೆ ಗಮನ ಕೊಡಿ. ಹೆಲಿಯೊಪೊಲಿಸ್‌ನದು ಸಮಾಧಿ ಗೊತ್ತಿಲ್ಲದ ಸುಮಾರು 4,000 ಭಾರತೀಯರ ಸ್ಮಾರಕ. ಮೊದಲು ಸೂಯೆಜ್ ಬಳಿಯ ಪೋರ್ಟ್ ತೌಫಿಕ್‌ನಲ್ಲಿತ್ತು. ಅಲ್ಲಿನ ಇಸ್ರೇಲ್ ಈಜಿಪ್ಟ್ ಕದನದಲ್ಲಿ ಹಾಳಾದ ಮೇಲೆ 1980ರಲ್ಲಿ ಹೆಲಿಯೊಪೊಲಿಸ್‌ನಲ್ಲಿ ಹೊಸದಾಗಿ ಕಟ್ಟಿದರು.

ಅಲ್ಲೂ ಸಿಗಲಿಲ್ಲ ಅಂದರೆ? ಹೆಸರಿಲ್ಲ ಅಂದ ಮಾತ್ರಕ್ಕೆ ಮನುಷ್ಯ ಇರಲಿಲ್ಲ ಅಂತಲ್ಲ. 2021ರಲ್ಲಿ ಆ ಕಮಿಷನ್ನೇ ತನಿಖೆ ಮಾಡಿಸಿ ಒಪ್ಪಿಕೊಂಡಿತು. ಆಫ್ರಿಕಾ, ಈಜಿಪ್ಟ್, ಭಾರತದ ಕಡೆಯ ಕನಿಷ್ಠ 1,16,000 ಜನ, ಬಹುಶಃ ಅದಕ್ಕಿಂತ ತುಂಬಾ ಜಾಸ್ತಿ, ಹೆಸರೇ ಇಲ್ಲದೆ ಅಥವಾ ಯಾವ ಸ್ಮರಣೆಯೂ ಇಲ್ಲದೆ ಉಳಿದಿದ್ದಾರೆ ಅಂತ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕೆತ್ತಿ, ಸಾಮಾನ್ಯ ಭಾರತೀಯ ಸಿಪಾಯಿಗಳದ್ದು ಬರೀ ಎಣಿಕೆ ಹಾಕಿದ್ದರು. ಕಮಿಷನ್ ಕ್ಷಮೆ ಕೇಳಿತು. ಸೇವೆಯಲ್ಲಿದ್ದಾಗ ಸತ್ತದ್ದಕ್ಕೆ ದಾಖಲೆ ಇದ್ದು ಹೆಸರು ಬಿಟ್ಟುಹೋಗಿದ್ದರೆ ಸೇರಿಸಿ ಅಂತ ಅವರಿಗೆ ಬರೆಯುವ ದಾರಿ ಇದೆ. ಸಮಯ ಹಿಡಿಯುತ್ತದೆ, ಆದರೂ ಅದು ನಿಮ್ಮ ಹಕ್ಕು.

ಇನ್ನು ಇಂಗ್ಲೆಂಡಿನ ಊರುಗಳ ಸ್ಮಾರಕದ ಬಗ್ಗೆ. ಅಲ್ಲಿ ಯಾವ ಸಣ್ಣ ಊರಿಗೆ ಹೋದರೂ ಸಂತೆ ಬೀದಿಯಲ್ಲೋ ಚರ್ಚಿನ ಮುಂದೆಯೋ ಒಂದು ಕಲ್ಲು, ಅದರ ಮೇಲೆ ಹೆಸರುಗಳ ಸಾಲು ಕಾಣುತ್ತದೆ. ನಮ್ಮವರು ತುಂಬಾ ಜನ ಅದನ್ನು ಸಮಾಧಿ ಅಂದುಕೊಳ್ಳುತ್ತಾರೆ. ಅದರ ಕೆಳಗೆ ಯಾರೂ ಇಲ್ಲ. 1915ರಲ್ಲಿ ಬ್ರಿಟಿಷರು ಸತ್ತವರ ದೇಹವನ್ನು ಮನೆಗೆ ತರೋದನ್ನೇ ನಿಲ್ಲಿಸಿದರು. ಸಾಹುಕಾರನ ಮಗ ಬರುತ್ತಾನೆ, ಬಡವನ ಮಗ ಬರೋದಿಲ್ಲ ಅಂತ ಆಗಬಾರದು ಅನ್ನೋದೂ ಅದಕ್ಕೊಂದು ಕಾರಣ. ಆಗ ಮನೆ ಮನೆಯಲ್ಲಿ ಅತ್ತು ಮುಗಿಸೋಕೆ ಒಂದು ಜಾಗವೇ ಇಲ್ಲದಂತಾಯಿತು. ಅದಕ್ಕೇ ಯುದ್ಧ ಮುಗಿದ ಮೇಲೆ ಊರಿನವರೇ ಸಮಿತಿ ಮಾಡಿಕೊಂಡು, ಮನೆ ಮನೆಗೆ ಹೋಗಿ ಚಂದಾ ಎತ್ತಿ, ಯಾರ ಹೆಸರು ಹಾಕಬೇಕು ಅಂತ ಕೂತು ಮಾತಾಡಿ ಈ ಕಲ್ಲುಗಳನ್ನು ನಿಲ್ಲಿಸಿದರು. ಸರ್ಕಾರ ಹಾಕಿಸಿದ್ದಲ್ಲ. ಕೆಲವು ತಾಯಂದಿರು ಹೆಸರು ಕೊಡೋಕೇ ಒಪ್ಪಲಿಲ್ಲ, ಮಗ ಇನ್ನೂ ಬರುತ್ತಾನೆ ಅಂತ ಕಾಯುತ್ತಿದ್ದರು.

ಹಾಗಾಗಿ ಯಾವ ಸ್ಮಾರಕದ ಮುಂದೆ ನಿಂತರೂ ಮೊದಲು ಕೇಳಬೇಕಾದ್ದು ಇದನ್ನು ಯಾರು ನಿಲ್ಲಿಸಿದರು, ಯಾರಿಗಾಗಿ ಅಂತ. ಊರಿನ ಸ್ಮಾರಕದಲ್ಲಿ ಆ ಊರಿನ ಹುಡುಗರ ಹೆಸರು ಇರುತ್ತದೆ, ಆಸ್ಪತ್ರೆಯಲ್ಲಿ ಸತ್ತ ಪರದೇಶದವರದ್ದಲ್ಲ. ಕೆಲವು ಕಲ್ಲಿನ ಮೇಲೆ 1914ರಿಂದ 1919 ಅಂತ ಇದ್ದರೆ ಕೆತ್ತಿದವರು ತಪ್ಪು ಮಾಡಿದ್ದಾರೆ ಅಂದುಕೊಳ್ಳಬೇಡಿ. ಗುಂಡಿನ ಸದ್ದು ನಿಂತದ್ದು 1918ರ ನವೆಂಬರ್ 11ಕ್ಕೆ, ಜರ್ಮನಿ ಜೊತೆಗಿನ ವರ್ಸೇ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನಿನಲ್ಲಿ. ಕೆಲವು ಊರುಗಳು ಅದನ್ನೇ ಯುದ್ಧದ ಕೊನೆ ಅಂತ ಹಿಡಿದವು.

ಬ್ರಾಕೆನ್‌ಹರ್ಸ್ಟ್ ಇದಕ್ಕೆ ಸ್ವಲ್ಪ ಬೇರೆ. ಸೌತಾಂಪ್ಟನ್‌ನಿಂದ ರೈಲಿನಲ್ಲಿ ಸುಮಾರು 20 ನಿಮಿಷ, ನ್ಯೂ ಫಾರೆಸ್ಟ್ ಕಾಡಿನ ನಡುವಿನ ಊರು. ಅಲ್ಲಿ ಗಾಯಗೊಂಡ ಭಾರತೀಯರಿಗೆ ಲೇಡಿ ಹಾರ್ಡಿಂಜ್ ಆಸ್ಪತ್ರೆ ಅಂತ ಇತ್ತು. ಊರಿನ ದೊಡ್ಡ ಹೋಟೆಲುಗಳನ್ನೂ ಆಸ್ಪತ್ರೆ ಮಾಡಿಕೊಂಡಿದ್ದರು. ಇವತ್ತಿಗೂ ಆ ಊರಲ್ಲಿ ಮೀರತ್ ಹೆಸರಿನ ರಸ್ತೆ ಇದೆ. ಭಾರತೀಯರು ಹೋದ ಮೇಲೆ 1916ರಿಂದ ಅಲ್ಲಿಗೆ ನ್ಯೂಜಿಲೆಂಡಿನವರ ಆಸ್ಪತ್ರೆ ಬಂತು. ಅದಕ್ಕೇ ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿ ನ್ಯೂಜಿಲೆಂಡಿನವರ 93 ಸಮಾಧಿ ಸಾಲಾಗಿವೆ. ಭಾರತೀಯರದ್ದು 3 ಮಾತ್ರ.

ಆ ಮೂರರಲ್ಲಿ ಒಂದನ್ನು ಅತ್ತೆಯವರಿಗೆ ತಪ್ಪದೆ ತೋರಿಸಿ. ಸುಖಾ ಅನ್ನುವವನದ್ದು. ಬರೇಲಿ ಕಡೆಯವನು. ಸಿಪಾಯಿಯಲ್ಲ, ಆಸ್ಪತ್ರೆಯಲ್ಲಿ ಗುಡಿಸಿ, ಮಲ ಮೂತ್ರ ಬಳಿದು ಶುಚಿ ಮಾಡುತ್ತಿದ್ದವನು. 1915ರ ಜನವರಿ 12ರಂದು ತೀರಿಕೊಂಡ, ವಯಸ್ಸು 30. ಹಿಂದೂಗಳ ಸುಡುವ ಜಾಗದಲ್ಲಿ ಅವನ ಜಾತಿ ಅಡ್ಡ ಬಂತು, ಮುಸ್ಲಿಮರ ಸ್ಮಶಾನದಲ್ಲಿ ಅವನ ಧರ್ಮ ಅಡ್ಡ ಬಂತು, ಕೊನೆಗೆ ಪಾದ್ರಿಗಳು ನಮ್ಮ ಅಂಗಳದಲ್ಲೇ ಇರಲಿ ಅಂದರು ಅಂತ ಒಂದು ಕಥೆ ಹೇಳುತ್ತಾರೆ. ಅದು ಕಲ್ಲಿನ ಮೇಲಿಲ್ಲ. ಕಲ್ಲಿನ ಮೇಲೆ ಇರೋದು ಇಷ್ಟು: ಇದನ್ನು ಬ್ರಾಕೆನ್‌ಹರ್ಸ್ಟಿನ ಚರ್ಚಿನ ಜನ ನಿಲ್ಲಿಸಿದ್ದು, ಇವನು ನಾಡು, ಮನೆ, ಸ್ನೇಹಿತರನ್ನು ಬಿಟ್ಟು ಬಂದವನು, ಮತದಿಂದ ಕ್ರೈಸ್ತನಲ್ಲ, ಆದರೂ ಬೇರೆಯವರ ಒಳಿತಿಗೆ ಪ್ರಾಣ ಕೊಟ್ಟವನು. ಅವನ ಊರು, ಮೊಹಲ್ಲಾ ಕೂಡ ಬರೆಸಿದ್ದಾರೆ. ಅದೇ ಹೊತ್ತಿನಲ್ಲಿ ಬೇರೆ ಕಡೆ ಸಾವಿರಾರು ಸಿಪಾಯಿಗಳು ಬರೀ ಎಣಿಕೆಯಾಗಿ ಹೋದರು, ಇಲ್ಲಿ ಒಬ್ಬ ಜಾಡಮಾಲಿಯ ಮನೆ ವಿಳಾಸ ಕಲ್ಲಿನಲ್ಲಿ ಉಳಿದಿದೆ. ನನಗೆ ಇಂಗ್ಲೆಂಡಿನ ಯಾವ ದೊಡ್ಡ ಸ್ಮಾರಕಕ್ಕಿಂತಲೂ ಈ ಕಲ್ಲು ಹೆಚ್ಚು. ನಿಮ್ಮ ತಾತನ ಹೆಸರು ಅಲ್ಲಿ ಇಲ್ಲದಿದ್ದರೂ ನೀವು ಒಯ್ಯುವ ಹೂವಿಗೆ ಅಲ್ಲಿ ಜಾಗ ಇದೆ. ಸುಖಾನ ಮನೆಯವರು ಯಾರೂ ಅಲ್ಲಿಗೆ ಬರುವ ಸ್ಥಿತಿಯಲ್ಲಿ ಇರಲಿಲ್ಲ ಅಲ್ವಾ.

ಮಗ ಹೇಳಿದ ಇನ್ನೊಂದು ಸ್ಮಾರಕ ಬಾರ್ಟನ್ ಆನ್ ಸೀ ಅನ್ನೋ ಊರಿನದು ಇರಬೇಕು. ಬ್ರಾಕೆನ್‌ಹರ್ಸ್ಟ್‌ನಿಂದ ರೈಲಿನಲ್ಲಿ ನ್ಯೂ ಮಿಲ್ಟನ್, ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿಯಲ್ಲಿ ಸಮುದ್ರದ ಕಡೆ. ಗಾಯ ಮಾಗುತ್ತಿದ್ದ ಭಾರತೀಯರನ್ನು ಅಲ್ಲಿ ಇಟ್ಟಿದ್ದರು. ಅದರ ನೆನಪಿಗೆ 1917ರ ಜುಲೈನಲ್ಲಿ ಒಂದು ಕಲ್ಲಿನ ಕಂಬ ನಿಲ್ಲಿಸಿದರು, ಇಂಗ್ಲಿಷ್ ಮತ್ತು ಉರ್ದುವಿನಲ್ಲಿ ಬರಹ ಇದೆ. ಅದು ಶಿಬಿರದ ನೆನಪು, ಸತ್ತವರ ಪಟ್ಟಿಯಲ್ಲ, ಅಲ್ಲಿ ಹೆಸರು ಹುಡುಕೋಕೆ ಹೋಗಬೇಡಿ. ಸಮುದ್ರದ ದಂಡೆಗೆ ಹೋದರೆ ಬೇಲಿ ದಾಟಬೇಡಿ. ಅಲ್ಲಿನ ಮಣ್ಣಿನ ದಿಬ್ಬ ಕುಸಿಯುತ್ತಲೇ ಇರುತ್ತದೆ.

ಅರಮನೆ ನೋಡಲೇಬೇಕು ಅಂದರೆ ಬ್ರೈಟನ್. ರೈಲಿನಲ್ಲಿ ಹೆಚ್ಚುಕಡಿಮೆ 2 ಗಂಟೆ. ಊರ ಹೊರಗಿನ ಗುಡ್ಡದ ಮೇಲೆ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ಸುಟ್ಟ ಜಾಗದಲ್ಲಿ ಅಮೃತಶಿಲೆಯ ಛತ್ರಿ ಕಟ್ಟಿದ್ದಾರೆ, 1921ರ ಫೆಬ್ರವರಿ 1ರಂದು ಅನಾವರಣವಾದದ್ದು. ಆ 53 ಜನರ ಹೆಸರುಗಳನ್ನು ಪಕ್ಕದಲ್ಲಿ ಕಲ್ಲಿಗೆ ಹಾಕಿದ್ದು 2010ರಲ್ಲಿ. ನೋಡಬೇಕಾದ ಜಾಗವೇ. ಆದರೆ ಅತ್ತೆಯವರನ್ನು ಅಲ್ಲಿಗೆ ಕರೆದೊಯ್ಯಬೇಡಿ ಅಂತ ನನ್ನ ಸಲಹೆ. ಗಾಡಿ ಹತ್ತಿರ ಹೋಗೋದಿಲ್ಲ. ಕುರಿ ಮೇಯುವ ಇಳಿಜಾರಿನಲ್ಲಿ ಒಂದು ಮೈಲಿಯಷ್ಟು ನಡೆಯಬೇಕು. ನವೆಂಬರಿನಲ್ಲಿ ಕೆಸರು, ಗಾಳಿ, ಮೇಲೆ ಶೌಚಾಲಯವೂ ಇಲ್ಲ. ನೀವು ಮಗನ ಜೊತೆ ಹೋಗಿ, ಅತ್ತೆಯವರು ಯಜಮಾನರ ಜೊತೆ ಕೆಳಗೆ ಊರಲ್ಲಿ ಪೆವಿಲಿಯನ್ ನೋಡಲಿ.

ಅನುಮತಿ ಯಾರದ್ದೂ ಬೇಡ. ರಾಯಭಾರ ಕಚೇರಿಗೆ ಬರೆಯಬೇಕು, ಚರ್ಚಿಗೆ ಫೀಸು ಕಟ್ಟಬೇಕು ಅನ್ನೋದೆಲ್ಲ ಸುಮ್ನೆ ಮಾತು. ಚರ್ಚಿನ ಅಂಗಳ ಎಲ್ಲರಿಗೂ ತೆರೆದಿರುತ್ತದೆ, ಯಾವ ಧರ್ಮದವರು ಅಂತ ಯಾರೂ ಕೇಳೋದಿಲ್ಲ. ಚಪ್ಪಲಿ ಬಿಡಬೇಕಿಲ್ಲ. ಒದ್ದೆ ಹುಲ್ಲು ಜಾರುತ್ತದೆ, ಅತ್ತೆಯವರಿಗೆ ಹಿಡಿತ ಇರುವ ಶೂ ಹಾಕಿಸಿ. ಒಳಗೆ ಪೂಜೆ ನಡೆಯುತ್ತಿದ್ದರೆ ಅಥವಾ ಯಾರದ್ದಾದರೂ ಅಂತ್ಯಕ್ರಿಯೆ ಇದ್ದರೆ ದೂರ ನಿಂತು ಕಾಯಿರಿ, ಅಷ್ಟೇ. ಸ್ಮಶಾನಕ್ಕೆ ಹೋಗಿಬಂದ ಮೈಲಿಗೆ, ಸ್ನಾನ, ತರ್ಪಣ ಇವೆಲ್ಲ ನಿಮ್ಮ ಮನೆಯ ಪದ್ಧತಿ, ಪುರೋಹಿತರನ್ನು ಕೇಳಿಕೊಳ್ಳಿ. ನಾನು ಹೇಳಬಲ್ಲದ್ದು ಕಲ್ಲಿನ ವಿಷಯ.

ಕಲ್ಲಿನ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅರಿಶಿನ ಕುಂಕುಮ ಕಲ್ಲಿಗೆ ಹಚ್ಚಬೇಡಿ. ನಮ್ಮೂರಿನ ವೀರಗಲ್ಲುಗಳಿಗೆ ಎಣ್ಣೆ ಸುರಿದು ಕುಂಕುಮ ಬಳಿದು ರೂಢಿ ಇದೆ, ಕೈ ತಾನಾಗಿ ಹೋಗುತ್ತದೆ. ಆದರೆ ಅಲ್ಲಿನ ಎಷ್ಟೋ ಸಮಾಧಿ ಕಲ್ಲುಗಳು ಪೋರ್ಟ್‌ಲ್ಯಾಂಡ್ ಅನ್ನೋ ಬಿಳಿ ಸುಣ್ಣದ ಕಲ್ಲು. ನಮ್ಮ ಕಪ್ಪು ಶಿಲೆಯ ಹಾಗಲ್ಲ, ಮೈತುಂಬ ಸಣ್ಣ ರಂಧ್ರ. ಅರಿಶಿನದ ಬಣ್ಣ, ದೀಪದ ಎಣ್ಣೆ ಒಳಗೆ ಇಳಿದರೆ ತೊಳೆದರೂ ಹೋಗೋದಿಲ್ಲ. ತೆಗೆಯೋಕೆ ಅಂತ ಯಾರಾದರೂ ನಿಂಬೆಹಣ್ಣೋ ಆ್ಯಸಿಡ್ಡೋ ಹಾಕಿದರೆ ಕಲ್ಲೇ ಕರಗುತ್ತದೆ, ತಂತಿ ಬ್ರಷ್ ಹಾಕಿದರೆ ಅಕ್ಷರ ಅಳಿಸುತ್ತದೆ. ಹೆಸರು ಮಾಸಿದೆ ಅಂತ ಸೀಮೆಸುಣ್ಣ ತುಂಬಿ ಫೋಟೋ ತೆಗೆಯೋದೂ ಬೇಡ. ಪಾಚಿ ಕಂಡರೂ ಉಜ್ಜಬೇಡಿ. ಬಹಳ ಸ್ಮಾರಕಗಳು ಕಾನೂನಿನ ರಕ್ಷಣೆಯಲ್ಲಿವೆ, ಹಾಳು ಮಾಡಿದರೆ ಅಪರಾಧವಾಗುತ್ತದೆ.

ಹಾಗಂತ ಅತ್ತೆಯವರ ಆಸೆ ಬಿಡಬೇಕಿಲ್ಲ. ಅಲ್ಲೇ ಅಂಗಡಿಯಲ್ಲಿ ಹೂವು ಕೊಂಡು, ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಕಲ್ಲಿನ ಬುಡದಲ್ಲಿ ಹುಲ್ಲಿನ ಮೇಲೆ ಇಡಿ. ಅರಿಶಿನ ಕುಂಕುಮವನ್ನು ಒಂದು ಎಲೆಯ ಮೇಲೆ ಇಟ್ಟು, ಕೈಮುಗಿದು, ಬರುವಾಗ ಎಲೆ ಸಮೇತ ವಾಪಸ್ ತನ್ನಿ. ದೀಪ ಹಚ್ಚಲೇಬೇಕು ಅಂದರೆ ಬ್ಯಾಟರಿ ದೀಪ. ಅಲ್ಲಿ ಗಾಳಿಗೆ ನಿಜದ ದೀಪ ನಿಲ್ಲುವುದೂ ಇಲ್ಲ. ಊರಿನ ಮಣ್ಣು ಒಯ್ಯಬೇಡಿ. ಭಾರತದಿಂದ ಮಣ್ಣು ತರೋದನ್ನು ಅಲ್ಲಿ ಬಿಡೋದಿಲ್ಲ, ಗಿಡಗಳ ರೋಗ ಬರುತ್ತದೆ ಅಂತ. ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡು ಕಸಕ್ಕೆ ಹಾಕಿದರೆ ಅತ್ತೆಯವರ ಮನಸ್ಸಿಗೆ ಎಷ್ಟು ನೋವಾಗುತ್ತದೆ ಯೋಚಿಸಿ. ತಾತನ ಹೆಸರಲ್ಲಿ ಅಲ್ಲೊಂದು ಫಲಕ ಹಾಕಿಸೋಣ ಅಂತ ಯಾರಾದರೂ ಹೊರಟರೆ, ಚರ್ಚಿನ ಅಂಗಳದಲ್ಲಿ ಒಂದು ಕಲ್ಲು ಇಡೋದಕ್ಕೂ ಅವರ ಮೇಲಿನ ಆಡಳಿತದ ಲಿಖಿತ ಒಪ್ಪಿಗೆ ಬೇಕು. ಅಲ್ಲಿಗೆ ಸಂಬಂಧವೇ ಇಲ್ಲದವರ ಹೆಸರಿಗೆ ಅದು ಸಿಗೋದು ಕಷ್ಟ.

ನವೆಂಬರ್ ಅಂದಿರಿ. ನವೆಂಬರಿನ ಎರಡನೇ ಭಾನುವಾರ ಅಲ್ಲಿ ರಿಮೆಂಬ್ರೆನ್ಸ್ ಸಂಡೆ. ಬೆಳಿಗ್ಗೆ 11ಕ್ಕೆ ಪ್ರತಿ ಊರಿನ ಸ್ಮಾರಕದ ಮುಂದೆ ಜನ ಸೇರುತ್ತಾರೆ. ತುತ್ತೂರಿ ಊದುತ್ತಾರೆ, ಎರಡು ನಿಮಿಷ ಮೌನ, ಎಷ್ಟೋ ಊರುಗಳಲ್ಲಿ ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ನೀವೂ ಸೇರಿ ನಿಲ್ಲಬಹುದು. ಮುಂಚೆಯೇ ಹೋಗಿ ಹಿಂದೆ ಒಂದು ಬದಿಯಲ್ಲಿ ನಿಲ್ಲಿ. ಅತ್ತೆಯವರಿಗೆ ಮಡಚುವ ಕುರ್ಚಿ ಒಯ್ಯಿರಿ, ಯಾರೂ ತಪ್ಪು ತಿಳಿಯೋದಿಲ್ಲ. ಮೊಬೈಲ್ ಪೂರ್ತಿ ಬಂದ್ ಮಾಡಿ, ಆ ಎರಡು ನಿಮಿಷ ವಿಡಿಯೋ ಬೇಡ. ಎಲ್ಲರೂ ಎದೆಗೆ ಕೆಂಪು ಕಾಗದದ ಪಾಪಿ ಹೂವು ಸಿಕ್ಕಿಸಿಕೊಂಡಿರುತ್ತಾರೆ. ಹಳೇ ಸೈನಿಕರ ಸಹಾಯಕ್ಕೆ ದುಡ್ಡು ಎತ್ತೋದು ಅದು. ಹಾಕಲೇಬೇಕು ಅಂತಿಲ್ಲ. ಹಾಕಿದರೆ ಡಬ್ಬಿಗೆ ನಿಮ್ಮ ಕೈಲಾದಷ್ಟು ಹಾಕಿ. ಸಮಾಧಿಯ ಹತ್ತಿರ ನಿಧಾನಕ್ಕೆ ಇರಬೇಕು ಅಂದರೆ ಮಾತ್ರ ಆ ಭಾನುವಾರ ಬೇಡ, ವಾರದ ನಡುವೆ ಹೋಗಿ. ಸಂಜೆ 4 ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ಊಟಕ್ಕೆ ಮೊದಲೇ ಚರ್ಚು ಮುಗಿಸಿಕೊಳ್ಳಿ. ಮಗ ಕಾರಿನಲ್ಲಿ ಕರೆದೊಯ್ಯುವುದಾದರೆ ಅವನಿಗೆ ಹೇಳಿ, ಆ ಕಾಡಿನ ರಸ್ತೆಗಳಲ್ಲಿ ಕುದುರೆಗಳು ಬಿಡುಬೀಸಾಗಿ ಓಡಾಡುತ್ತವೆ, ಕತ್ತಲಾದ ಮೇಲೆ ಕಾಣೋದಿಲ್ಲ.

ಪರಿಹಾರದ ಮೆಸೇಜ್ ಅಳಿಸಿಬಿಡಿ. ಸ್ಮಾರಕದ ಫೋಟೋ ತೋರಿಸಿದರೆ ಮರಿಮಕ್ಕಳಿಗೆ ಬ್ರಿಟಿಷ್ ಸರ್ಕಾರ ದುಡ್ಡು ಕೊಡುವ ಯಾವ ಯೋಜನೆಯೂ ಇಲ್ಲ. ಇಂಥ ಮಾತಿನ ಬೆನ್ನಿಗೇ ಅರ್ಜಿ ಹಾಕಿಸಿಕೊಡುತ್ತೇವೆ, ಆಧಾರ್ ಕಳಿಸಿ, ಇಷ್ಟು ಫೀಸು ಅಂತ ಯಾರಾದರೂ ಬರುತ್ತಾರೆ. ಪದಕದ ಮೂಲವನ್ನಂತೂ 'ಪರಿಶೀಲನೆಗೆ' ಅಂತ ಯಾರ ಕೈಗೂ ಕೊಡಬೇಡಿ. ಅವುಗಳಿಗೆ ಮಾರುಕಟ್ಟೆ ಇದೆ, ಹೋದದ್ದು ವಾಪಸ್ ಬರೋದಿಲ್ಲ.

ನನ್ನನ್ನು ಕೇಳಿದರೆ ಕೆಲಸದ ಸಾಲು ಹೀಗೆ ಇಟ್ಟುಕೊಳ್ಳಿ. ಈ ವಾರವೇ ಪದಕದ ಅಂಚು ಓದಿ. ಮೈಸೂರು ಲ್ಯಾನ್ಸರ್ಸ್ ಅಂತ ಬಂದರೆ ವಿಮಾನ ಹತ್ತುವ ಮೊದಲು ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕಕ್ಕೆ ಅತ್ತೆಯವರನ್ನು ಕರೆದೊಯ್ಯಿರಿ. ಅವರ ತಾತನ ಪಡೆಗೆ ಸೇರಿದ ಕಲ್ಲು ಅದು, ಆಟೋದಲ್ಲೇ ಹೋಗಬಹುದು. ದೆಹಲಿ ಕಡೆ ಹೋದಾಗ ತೀನ್ ಮೂರ್ತಿ ವೃತ್ತ ನೋಡಿ, ಆ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದ್ದು. ಇಂಗ್ಲೆಂಡಿನಲ್ಲಿ ಬ್ರಾಕೆನ್‌ಹರ್ಸ್ಟ್‌ಗೆ ಒಂದು ದಿನ ಇಡಿ, ಬಾರ್ಟನ್ ಹತ್ತಿರವಾದರೆ ಅದೇ ದಿನ ಸೇರಿಸಿಕೊಳ್ಳಿ. ಅಂಚಿನಲ್ಲಿ ಬೇರೆ ಯಾವುದಾದರೂ ಪಡೆಯ ಹೆಸರು ಬಂದರೆ ಟಿಕೆಟ್ ಬಿಟ್ಟು ಬಾಕಿ ಯೋಜನೆಯನ್ನೆಲ್ಲ ಹಾಗೇ ನಿಲ್ಲಿಸಿ, ಆ ಫೋಟೋ ನನಗೆ ಕಳಿಸಿ. ಸಂಖ್ಯೆಯ ಮೊದಲ ಎರಡು ಅಂಕಿ ಮಸುಕಾಗಿದ್ದರೂ ಪರವಾಗಿಲ್ಲ, ಪಡೆಯ ಹೆಸರಿನ ಭಾಗ ಸ್ಪಷ್ಟವಾಗಿ ಬರಲಿ.